ದಾಸೋಹಕ್ಕೆ ಬೇಡವೆಂದ ಬೆಂಕಿ

ಜುಲೈ ೨೫, ಶುಕ್ರವಾರ. ಶ್ರಾವಣ ಶುದ್ಧ ಪಾಡ್ಯ

ಅಫಜಲಪುರದ ಹೊರವಲಯದಲ್ಲಿರುವ ನಮ್ಮ ಮಠದಲ್ಲಿ ಶ್ರಾವಣಮಾಸದ ಪುರಾಣವನ್ನು ಇಂದು ಬೆಳಗ್ಗೆ ಆರಂಭಿಸಿದೆನು. ಪೀಠದ ಮೇಲೆ ಕುಳಿತು ಶರಣರ ಚರಿತೆಯನ್ನು ನಿರೂಪಿಸುವ ಭಾಗ್ಯವು ಈ ಇಳಿವಯಸ್ಸಿನಲ್ಲಿಯೂ ನನಗೆ ತಪ್ಪದೆ ಒದಗುತ್ತಿರುವುದು ಗುರುಕರುಣೆಯಲ್ಲದೆ ಮತ್ತೇನು? ಕಣ್ಣು ಮಬ್ಬಾಗಿದ್ದರೂ ಕಂಠವು ಗಟ್ಟಿಯಾಗಿದೆ. ಬಾಯಿಪಾಠವಂತೂ ಕಣ್ಣನ್ನು ಬೇಡುವುದಿಲ್ಲ.

ಪುರಾಣವು ಮುಗಿದ ಮೇಲೆ ದಾಸೋಹ ಸಮಿತಿಯ ಅಧ್ಯಕ್ಷನೂ ಕಾಳುಕಡಿಯ ಅಡತಿ ವ್ಯಾಪಾರಿಯೂ ಆದ ಅಮರನಾಥನು ಪಾದಕ್ಕೆರಗಿ ಒಂದು ಪ್ರಶ್ನೆಯನ್ನು ಮುಂದಿಟ್ಟನು. ಮಠದ ಹಿಂಬದಿಯಲ್ಲಿ ದನ ಮೇಯುವ ಗಾಯರಾಣದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರಿನವರು ಕೂಡಿ ಒಂದು ಅನಿಲ ಘಟಕವನ್ನು ಕಟ್ಟಿಸಿದ್ದಾರೆ. ಒಂದೇ ಊರಿನ ಹಸಿ ಕಸವು ಅದರ ಹೊಟ್ಟೆಗೆ ಸಾಲದಾದ್ದರಿಂದ ಮೂರೂ ಊರುಗಳ ಖಾನಾವಳಿ, ಕಾಯಿಪಲ್ಯದ ಬಜಾರು, ವಸತಿನಿಲಯಗಳ ಮುಸುರೆಯು ಗಾಡಿಗಳಲ್ಲಿ ಅಲ್ಲಿಗೆ ಬರುತ್ತದೆ. ಕೊಳೆತು ಉರಿಯುವ ಗಾಳಿಯಾಗುತ್ತದೆ. ಮಿಕ್ಕ ರಾಡಿಯು ಹೊಲಗಳಿಗೆ ಗೊಬ್ಬರವಾಗುತ್ತದೆ. ಆ ಗಾಳಿಯನ್ನು ನಿತ್ಯವೂ ತಪ್ಪದೆ ಉರಿಸಬಲ್ಲ ದೊಡ್ಡ ಒಲೆಯು ಈ ಸೀಮೆಯಲ್ಲಿ ನಮ್ಮ ದಾಸೋಹದ್ದೊಂದೇ. ಅದನ್ನು ನೆಚ್ಚಿಯೇ ಮೂರೂರಿನವರು ಈ ಸ್ಥಳವನ್ನು ಆರಿಸಿದ್ದು.

“ಕಾಕಾ, ಮಂದಿ ಕೇಳಾಕತ್ತ್ಯಾರ್ರಿ,” ಎಂದನು ಅಮರನಾಥ. “ಮೂರೂರ ಮುಸರಿ ಅದು. ಅದರಾಗ ಮಟನ್ ಅಂಗಡಿದೂ ಬಂದಿರ್ತದ. ಆ ಬೆಂಕಿ ಮ್ಯಾಲ ಪ್ರಸಾದ ಬೇಯಿಸಬಹುದೇನ್ರಿ? ನೀವು ಹೇಳಿದ್ದೇ ಅಖೇರಿ.”

ಸೋಮವಾರ ಪೀಠದಿಂದಲೇ ನಿರ್ಣಯವನ್ನು ತಿಳಿಸುವೆನೆಂದು ಹೇಳಿ ಕಳುಹಿಸಿದೆನು. ಇಂಥ ಪ್ರಶ್ನೆಯನ್ನು ಕೇಳಲು ಈಗಲೂ ಜನರು ನನ್ನಲ್ಲಿಗೇ ಬರುತ್ತಾರೆಂಬುದು ಸಣ್ಣ ಮಾತಲ್ಲ. ನನ್ನ ಸೊಸೆ ಜಯಮಾಲಾ ಆ ಘಟಕದ ಇಂಜಿನಿಯರು. ಅವಳೊಡನೆ ಈ ವಿಷಯವನ್ನು ಎತ್ತಲಿಲ್ಲ. ಮನೆಯ ಮೋಹವು ನಿರ್ಣಯವನ್ನು ಕೆಡಿಸಬಾರದು.

ಜುಲೈ ೨೮, ಸೋಮವಾರ

ಮೂರು ದಿವಸಗಳ ಚಿಂತನೆಯ ಫಲವಾಗಿ ಇಂದು ಸಭೆಯಲ್ಲಿ ಹೀಗೆ ನುಡಿದೆನು: “ಅಗ್ನಿಯು ಸ್ವರೂಪದಲ್ಲಿ ಪಾವನನಾದರೂ, ತಾನು ಯಾವುದನ್ನು ಆಶ್ರಯಿಸಿ ಉದಿಸುವನೋ ಅದರ ಗುಣವನ್ನು ಒಳಗೊಳ್ಳುವನು, ಆದುದರಿಂದ ಅನ್ಯರ ಎಂಜಲಿನಿಂದ ಉದಿಸಿದ ಅಗ್ನಿಯು ಲೋಕದ ಮಿಕ್ಕ ಕಾರ್ಯಗಳಿಗೆ ಯೋಗ್ಯನೇ ಹೊರತು ಪ್ರಸಾದದ ಪಾಕಕ್ಕೆ ಯೋಗ್ಯನಲ್ಲ.”

ಸಭೆಯು ತಲೆದೂಗಿತು. ಹಿಂದಿನ ಸಾಲಿನವರೊಬ್ಬರು ಇನ್ನೊಮ್ಮೆ ಹೇಳಬೇಕೆಂದು ಕೇಳಿಕೊಂಡರು, ಹೇಳಿದೆನು. ಎರಡನೆಯ ಸಲ ‘ಪಾಕಕ್ಕೆ’ ಎಂಬಲ್ಲಿ ಸ್ವರವು ಇನ್ನೂ ಚೆನ್ನಾಗಿ ನಿಂತಿತು. ಈ ನಿರ್ಣಯಕ್ಕೆ ನೇರವಾದ ಆಧಾರವಾಕ್ಯವು ನನಗೆ ದೊರೆಯಲಿಲ್ಲವೆಂಬುದು ನಿಜ. ಆದರೆ ವಾಕ್ಯವು ತನ್ನ ಓಟದಿಂದಲೇ ಆಧಾರದಂತೆ ಕೇಳಿಸಿತು.

ಸಂಜೆ ಜಯಮಾಲಾ ಕೈಕಾಲು ತೊಳೆದುಕೊಂಡು ಬಂದು ಎದುರಿಗೆ ನಿಂತಳು.

“ಮಾವಾರ, ಪೈಪು ಮಠದ ಅಡಗಿಮನಿ ಗ್ವಾಡಿ ತನಕ ಬಂದದ್ರಿ. ಇನ್ನೊಂದು ಮೊಳ ಉಳದಿತ್ತು.”

“ಇದು ಧರ್ಮದ ಪ್ರಶ್ನೆ, ಜಯಮಾಲಾ.”

“ಹೌದ್ರಿ,” ಎಂದು ರೊಟ್ಟಿ ಬಡಿಸಿ ಒಳಕ್ಕೆ ಹೋದಳು. ಪುಂಡಿಪಲ್ಯಕ್ಕೆ ಉಪ್ಪು ಇರಲಿಲ್ಲ. ಕೇಳಿದರೆ ತಂದುಕೊಡುತ್ತಿದ್ದಳು, ಕೇಳಲಿಲ್ಲ.

ಆಗಸ್ಟ್ ೧, ಶುಕ್ರವಾರ

ಘಟಕದ ಕೊಳವೆಯ ತುದಿಯಲ್ಲಿ ಬೆಂಕಿ ಹಚ್ಚಿದ್ದಾರೆ. ಉರಿಸುವ ಒಲೆಯಿಲ್ಲದ ಗಾಳಿಯನ್ನು ಕೂಡಿಡಲಾಗುವುದಿಲ್ಲವಂತೆ; ಹಾಗೆಯೇ ಬಿಟ್ಟರೆ ಅಪಾಯವಂತೆ; ಆದ್ದರಿಂದ ಆಕಾಶಕ್ಕೆ ಉರಿಸುತ್ತಿದ್ದಾರೆ. ಮಾಳಿಗೆಯ ಮೇಲಿಂದ ನೋಡಿದರೆ ಯಾರಿಗೂ ಬೇಡವಾದ ದೀಪದಂತೆ ಕಾಣುತ್ತದೆ.

ಜಯಮಾಲಾ ಆಳಂದದಲ್ಲಿ ಮೂರೂರಿನವರ ಸಭೆಗೆ ಹೋಗಿ ಬಂದಳು. ಸುಮ್ಮನೆ ಸುಡುವುದಕ್ಕಾಗಿ ಅಷ್ಟು ದೂರದಿಂದ ಕಸವನ್ನು ಏಕೆ ಹೊತ್ತು ತರಬೇಕೆಂದು ಜೇವರ್ಗಿಯವರು ಕೇಳಿದರಂತೆ. ಶ್ರಾವಣ ಮುಗಿಯುವುದರೊಳಗೆ ದಾಸೋಹದ ಒಲೆ ಹತ್ತದಿದ್ದರೆ ಅವರು ಮೊದಲಿನ ಹಾಗೆ ತಮ್ಮೂರ ಹೊರಗೇ ಸುರಿದುಕೊಳ್ಳುವರು. ಒಂದು ಊರು ಕೈಬಿಟ್ಟರೆ ಉಳಿದೆರಡರಿಂದ ಘಟಕವು ಹೊಟ್ಟೆ ತುಂಬ ಉಣ್ಣದು.

ಲೌಕಿಕರ ವ್ಯವಹಾರವು ಲೌಕಿಕರಿಗೆ. ನಾನು ಹೇಳಬೇಕಾದುದನ್ನು ಹೇಳಿಯಾಗಿದೆ.

ಆಗಸ್ಟ್ ೪, ಸೋಮವಾರ

ಇದನ್ನು ಹೇಗೆ ಬರೆಯಲಿ?

ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಘಟಕದ ಕೆಲಸಗಾರರು ಎಂದಿನ ಜಾಗದಲ್ಲಿ ಕಾಣಲಿಲ್ಲ. ಘಟಕವು ಆರಂಭವಾದ ದಿನದಿಂದಲೂ ಅವರು ನಮ್ಮೊಡನೆಯೇ ಕುಳಿತು ಉಣ್ಣುತ್ತಿದ್ದರು. ದಾಸೋಹದಲ್ಲಿ ಕುಲವನ್ನು ಕೇಳಬಾರದು, ಊರನ್ನು ಕೇಳಬಾರದು, ಬಂದವರನ್ನು ಸಾಲಿನಲ್ಲಿ ಕೂಡಿಸಬೇಕು. ಇದು ಈ ಮಠದ ಇಟ್ಟಿಗೆಗಿಂತಲೂ ಹಳೆಯ ಕಟ್ಟಳೆ. ಕಿಟಕಿಯಿಂದ ಹೊರಗೆ ನೋಡಿದೆನು. ಚಪ್ಪಲಿ ಬಿಡುವ ಕಟ್ಟೆಯ ಪಕ್ಕದ ಬೇವಿನ ಬುಡದಲ್ಲಿ ಅವರನ್ನು ಕೂಡಿಸಲಾಗಿತ್ತು. ಕಸ ಬೇರೆ ಮಾಡುವ ಸಾಬಮ್ಮ, ಆಳಂದದ ಗಾಡಿಯ ಚಾಲಕ ಲಾಡ್ಲೆಸಾಬ, ಇನ್ನೂ ಕೆಲವರು. ಬಡಿಸುವವನು ಸೌಟನ್ನು ಮೇಲೆತ್ತಿ ಅವರ ಎಲೆಯ ಪತ್ರೋಳಿಗೆ ಸುರಿಯುತ್ತಿದ್ದನು.

ಪಕ್ಕದಲ್ಲಿದ್ದ ಅಮರನಾಥನನ್ನು ಕೇಳಿದೆನು.

“ನಿಮ್ಮ ಮಾತೇ ಅಲ್ಲೇನ್ರಿ ಕಾಕಾ? ಬೆಂಕಿಗೇ ಬ್ಯಾಡ ಅಂದ ಮ್ಯಾಲ, ಆ ಬೆಂಕಿ ಹುಟ್ಟಸೋ ಕೈಗಿ ಹ್ಯಾಂಗ ಹೂಂ ಅನ್ನೂದು? ಊಟಾ ಏನ್ ಕಮ್ಮಿ ಮಾಡಿಲ್ರಿ. ಹುಗ್ಗಿನೂ ಹಾಕ್ಸೀನಿ.”

 ಅವನ ತರ್ಕದಲ್ಲಿ ತಪ್ಪಿರಲಿಲ್ಲ. ನನ್ನ ವಾಕ್ಯವನ್ನೇ ಅವನು ಒಂದು ಹೆಜ್ಜೆ ಮುಂದಕ್ಕೆ ನಡೆಸಿದ್ದನು. ಪಂಕ್ತಿಯಿಂದ ಏಳಬಹುದಾಗಿತ್ತು. ಏಳಲಿಲ್ಲ. ಹುಗ್ಗಿಯನ್ನು ಎರಡನೆಯ ಸಲವೂ ಬಡಿಸಿಕೊಂಡೆನು.

ಆಗಸ್ಟ್ ೫, ಮಂಗಳವಾರ

ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗವಿತ್ತು, ಕಣ್ಣಲ್ಲಿ ಆ ಸೌಟು ಇತ್ತು. ಪುರಾಣ ಹೇಳಿದೆ. ಚಪ್ಪಾಳೆ ತಟ್ಟಿದರು.

ಆಗಸ್ಟ್ ೭, ಗುರುವಾರ

ಜಯಮಾಲಾಳ ಸಂಗಡ ಘಟಕಕ್ಕೆ ಹೋಗಿದ್ದೆ. ನಾನೇ ಕೇಳಿಕೊಂಡು ಹೋದದ್ದು. ಅವಳು ಏಕೆಂದು ಕೇಳಲಿಲ್ಲ. ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಧೋತರದ ಅಂಚು ಗಾಲಿಗೆ ಸಿಗದಂತೆ ಒಮ್ಮೆ ಎಚ್ಚರಿಸಿದಳು, ಅಷ್ಟೇ.

ನಾತವು ಗೇಟಿನಲ್ಲಿಯೇ ಎದುರುಗೊಂಡಿತು. ತಗಡಿನ ಚಾವಣಿಯ ಕೆಳಗೆ ಸಾಬಮ್ಮ ಮೊಳಕೈವರೆಗೆ ಕೈಚೀಲ ತೊಟ್ಟು ಹಸಿ ಕಸದೊಳಗಿನ ಪ್ಲಾಸ್ಟಿಕ್ಕನ್ನು ಆರಿಸಿ ತೆಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಅಲ್ಲೇ ನಿಂದರ್ರಿ ಮುತ್ಯಾ. ನಿಮ್ಮ ಮಡಿ ಕೆಟ್ಟೀತು.”

“ನಮ್ಮಲ್ಲಿ ಮಡಿ ಅನ್ನೂದು ಇಲ್ಲವ್ವ. ಲಿಂಗ ಕಟ್ಟಿದವಗ ಮೈಲಿಗಿ ಇಲ್ಲ,” ಎಂದೆ. ಇದನ್ನು ನಾನು ಪೀಠದ ಮೇಲಿಂದ ಎಷ್ಟು ಸಲ ಹೇಳಿಲ್ಲ! ನಾಲಿಗೆ ತಾನಾಗಿಯೇ ನುಡಿಯಿತು.

“ಇಲ್ಲೇನ್ರಿ?” ಎಂದಳು ಸಾಬಮ್ಮ. “ಮತ್ತ ಬೇವಿನ ಗಿಡದ ಬುಡಕ ನಮಗ್ಯಾಕ ಕುಂಡ್ರಿಸ್ಯಾರ? ನೆರಳಿರಲಿ ಅಂತೇನು?”

ಗಾಡಿಯ ಹಿಂಬಾಗಿಲನ್ನು ತೆರೆಯುತ್ತಿದ್ದ ಲಾಡ್ಲೆಸಾಬ ನಕ್ಕುಬಿಟ್ಟ. “ಬಿಡಬೇ ಸಾಬವ್ವ, ಹಿರ್ಯಾರಿಗಿ ಹಿಂಗ ಅಂತಾರೇನು? ಮುತ್ಯಾ, ಆಳಂದದ ಕಸಾ ತಂದೀನ್ರಿ. ರಸ್ತೆತುಂಬ ಕೇಳ್ಕೋತ ಬಂದೆ, ನೀ ಹಿಂದೂ ಏನೋ ಮುಸಲ್ಮಾನ ಏನೋ ಅಂತ. ಏನೂ ಹೇಳವಲ್ದು. ಬರೇ ನಾರತದ.”

ಎಲ್ಲರೂ ನಕ್ಕರು. ನಗಬೇಕೆಂದು ನನಗೂ ಅನಿಸಿತು. ಆದರೆ ನಗುವುದಕ್ಕೆ ನನಗೇನು ಅಧಿಕಾರ?

ಆ ಹೊತ್ತಿಗೆ ಮಠದ ಟ್ರ್ಯಾಕ್ಟರು ಬಂದು ನಿಂತಿತು. ದಾಸೋಹದ ಎಂಜಲು ಪತ್ರೋಳಿಗಳೂ ಇಲ್ಲಿಗೇ ಬರುತ್ತವೆಂಬುದು ನನಗೆ ತಿಳಿದಿರಲಿಲ್ಲ. ಸುರಿದ ರಾಶಿಯಲ್ಲಿ ಬಾಯಿಟ್ಟೂ ನೋಡದ ಹೋಳಿಗೆಗಳಿದ್ದವು. ಅರ್ಧ ಮುರಿದ ರೊಟ್ಟಿಗಳಿದ್ದವು. ಅನ್ನವಂತೂ ಬುಟ್ಟಿ ಬುಟ್ಟಿ. ಪ್ರಸಾದದ ಒಂದು ಅಗುಳನ್ನೂ ಬಿಡದೆ, ತಾಟು ತೊಳೆದ ನೀರನ್ನೂ ಕುಡಿಯಬೇಕೆಂದು ನನ್ನ ತಂದೆ ಕಲಿಸಿದ್ದರು. ಶ್ರಾವಣದ ಭಕ್ತರು, ನನ್ನ ಪುರಾಣ ಕೇಳಿ ತಲೆದೂಗಿದವರು, ಬಿಟ್ಟು ಎದ್ದದ್ದು ಆ ದಿನದ ಎಲ್ಲ ಗಾಡಿಗಳ ಕಸಕ್ಕಿಂತ ದೊಡ್ಡ ರಾಶಿಯಾಗಿತ್ತು.

ಅನ್ಯರ ಎಂಜಲು ಎಂದಿದ್ದೆ.

ಸಾಬಮ್ಮ ಬಗ್ಗಿ, ಹೋಳಿಗೆಗಳಿಗೆ ಅಂಟಿದ ಪ್ಲಾಸ್ಟಿಕ್ ಚೀಲವನ್ನು ಬಿಡಿಸತೊಡಗಿದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳುತ್ತಿದ್ದೆನೇನೋ.

ಆಗಸ್ಟ್ ೯, ಶನಿವಾರ. ನೂಲ ಹುಣ್ಣಿಮೆ

ಅಮರನಾಥನ ಅಂಗಡಿಗೆ ಹೋಗಿ ನಿರ್ಣಯವನ್ನು ಹಿಂತೆಗೆದುಕೊಳ್ಳಬೇಕೆಂದಿದ್ದೇನೆ ಎಂದು ಹೇಳಿದೆ. ಅವನು ಆಳಿಗೆ ಚಹಾ ತರಲು ಹೇಳಿ, ತೊಗರಿ ಚೀಲವೊಂದರ ಮೇಲೆ ಟವೆಲ್ಲು ಹಾಸಿ ನನ್ನನ್ನು ಕೂರಿಸಿದ.

“ಕಾಕಾ, ನಿಮ್ಮ ಮಾತು ಘತ್ತರಗಿ ತನಕ ಮುಟ್ಟ್ಯಾದ್ರಿ. ಜಿಡಗಾದ ಕಡಿಂದನೂ ಫೋನ್ ಬಂದಿತ್ತು, ಭಾಳ ಚಲೋ ಹೇಳ್ಯಾರ ಅಂತ. ಈಗ ನೀವೇ ಅಲ್ಲ ಅಂದ್ರ, ಇನ್ನ ಮ್ಯಾಲ ನಿಮ್ಮ ಪುರಾಣಾ ಯಾರ ಕೇಳ್ಯಾರು?”

“ತಪ್ಪಾಗೇದ ಅಮರನಾಥ.”

“ತಪ್ಪಾದ್ರ ಆಗ್ಲಿ ಬಿಡ್ರಿ. ನಿಮಗ ಗೊತ್ತದ, ನನಗ ಗೊತ್ತದ. ಸಭಾಕ್ಕ ಯಾಕ ಬೇಕು?” ಆಮೇಲೆ ದನಿ ತಗ್ಗಿಸಿ, “ಮಂದಿ ಮತ್ತೊಂದು ಅಂತಾರ್ರಿ. ಸೊಸಿ ಮಾತು ಕೇಳಿ ಮುದುಕಗ ತಲಿ ತಿರಗೇದ ಅಂತಾರ.”

ಚಹಾ ಕುಡಿದು ಎದ್ದೆ. ಏನಾದರಾಗಲಿ, ಸೋಮವಾರ ಹೇಳಿಯೇ ಬಿಡುತ್ತೇನೆ. ದಾರಿಯುದ್ದಕ್ಕೂ ಅದಕ್ಕೆ ತಕ್ಕ ವಾಕ್ಯವನ್ನು ಹೊಂದಿಸುತ್ತ ಬಂದೆ. ಹಿಂತೆಗೆದುಕೊಳ್ಳುವ ಮಾತಿಗೂ ಒಂದು ಘನತೆ ಇರಬೇಕಲ್ಲವೆ?

ಆಗಸ್ಟ್ ೧೧, ಸೋಮವಾರ

ಹೇಳಲಿಲ್ಲ.

ವಾಕ್ಯ ಸಿದ್ಧವಿತ್ತು. ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ದೂರದೂರಿಂದ ಬಂದವರು ಕೈಮುಗಿದು ಕುಳಿತಿದ್ದರು. ಬಾಯಿ ತೆರೆದೆ, ದಾಸೋಹದ ಮಹಿಮೆಯನ್ನು ಕುರಿತು ಬೇರೊಂದು ಪ್ರಸಂಗವನ್ನೇ ಹೇಳಿಬಿಟ್ಟೆ. ಬಹಳ ಸೊಗಸಾಗಿ ಬಂತೆಂದು ಜನರು ಹೇಳಿದರು. ದಾಸೋಹದ ಮಹಿಮೆ! ಕಿಟಕಿಯ ಹೊರಗೆ ಬೇವಿನ ಬುಡದಲ್ಲಿ ಸಾಬಮ್ಮ ಇರಲಿಲ್ಲ. ಉಳಿದವರು ಇದ್ದರು. ಅವಳು ರೊಟ್ಟಿ ಕಟ್ಟಿಕೊಂಡು ಬಂದು ಘಟಕದಲ್ಲೇ ಉಣ್ಣುತ್ತಾಳಂತೆ.

ನೀರು ಕುಡಿಯುವ ನೆವದಿಂದ ಅಡುಗೆಮನೆಗೆ ಹೋದೆ. ಮಳೆಗೆ ನೆನೆದ ಜಾಲಿಯ ಕಟ್ಟಿಗೆ ಹತ್ತದೆ, ಮನೆತುಂಬ ಹೊಗೆ. ಅಡುಗೆಯ ಶಿವಕಾಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಊದುತ್ತಿದ್ದಳು.

“ಬರ್ರಿ ಮುತ್ಯಾ. ಒಂದು ಮಾತು ಕೇಳ್ಲ್ಯಾ? ಬೆಂಕಿಗಿ ಕುಲ ಅದ ಅಂತ ಹೇಳಿದ್ರಿ. ಈ ಹೊಗಿಗಿ ಯಾವ ಕುಲ್ರಿ?”

ಕೆಮ್ಮು ಬಂದದ್ದರಿಂದ ಉತ್ತರ ಹೇಳುವುದು ತಪ್ಪಿತು. ಕೆಮ್ಮಿಗೆ ಕೃತಜ್ಞನಾದೆ. ಈ ಮಟ್ಟಕ್ಕೆ ಇಳಿದಿದ್ದೇನೆ.

ಆಗಸ್ಟ್ ೧೫, ಶುಕ್ರವಾರ

ಜಯಮಾಲಾ ನಾಲ್ಕು ದಿವಸಗಳಿಂದ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಕೋಪವಲ್ಲ. ಕೋಪವಾಗಿದ್ದರೆ ಚೆನ್ನಾಗಿತ್ತು. ಔಷಧಿ ಕೊಡುತ್ತಾಳೆ, ನೀರು ಕಾಯಿಸಿಕೊಡುತ್ತಾಳೆ. ನನ್ನಿಂದ ಏನನ್ನೂ ನಿರೀಕ್ಷಿಸದವರ ಹಾಗೆ ಮಾಡುತ್ತಾಳೆ.

ಆಗಸ್ಟ್ ೧೮, ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಪುರಾಣಕ್ಕೆ ಮೊದಲೇ ಹೇಳಿದೆ. ಹೊಂದಿಸಿಟ್ಟ ವಾಕ್ಯ ನೆನಪಿಗೆ ಬರಲಿಲ್ಲ. “ಬೆಂಕಿಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಆಧಾರ ಇರಲಿಲ್ಲ, ನಾನೇ ಹುಟ್ಟಿಸಿ ಹೇಳಿದೆ. ಆ ಬೆಂಕಿಯ ಮೇಲೆ ಪ್ರಸಾದ ಮಾಡಬಹುದು. ಆ ಕೆಲಸ ಮಾಡುವವರನ್ನು ಹೊರಗೆ ಕೂರಿಸಿದ್ದು ಪಾಪ. ಅದು ನನ್ನ ಪಾಪ.” ಅಷ್ಟೇ.

 ಇದು ಯಾವ ಶರಣರ ಪ್ರಸಂಗವೆಂದು ಒಬ್ಬರು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. “ಸೊಸಿ ಹೇಳಿಕೊಟ್ಟಾಳ” ಎಂದು ಮತ್ತಾರೋ ಅಂದರು. ಅಮರನಾಥ ಗೋಡೆಯ ಕಡೆ ನೋಡುತ್ತಿದ್ದ. ತಲೆದೂಗಿದವರು ಯಾರೂ ಇಲ್ಲ.

ಪಂಕ್ತಿಗೆ ಕರೆದಾಗ ಒಳಗೆ ಕೂರಲಾರದೆ ಹೊರಗೆ ಹೋದೆ. ಬೇವಿನ ಬುಡದಲ್ಲಿ ಲಾಡ್ಲೆಸಾಬನ ಪಕ್ಕ ನೆಲದ ಮೇಲೆ ಕುಳಿತೆ. ಕೂರುವಾಗ ಮೊಳಕಾಲು ಹಿಡಿಯಿತು. ಅವನೇ ರಟ್ಟೆ ಹಿಡಿದು ಕೂರಿಸಿದ. ಒಳಗಿನಿಂದ ಜನರು ನೋಡುತ್ತಿದ್ದಾರೆಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಅದರಿಂದ ಎದೆ ಸ್ವಲ್ಪ ಹಗುರವೂ ಆಯಿತು.

ಟ್ರ್ಯಾಕ್ಟರಿನ ಜೊತೆಗೆ ಬಂದಿದ್ದ ಸಾಬಮ್ಮ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ ಮಾಡಾಕತ್ತೀರಿ ಮುತ್ಯಾ?”

“ನಿಮ್ಮ ಜೋಡಿ ಕೂತೇನವ್ವ.”

“ಯಾಕ್ರಿ? ನಮಗ ಒಳಗ ಕರೀರಿ ಅಂದ್ರ ನೀವು ಹೊರಗ ಬಂದು ಕುಂತ್ರ್ಯಾ? ನಾಳಿ ನೀವು ಎದ್ದು ಒಳಗ ಹೋಗ್ತೀರಿ. ನಾವು ಇಲ್ಲೇ ಇರ್ತೀವಿ. ಮಂದಿ ಏನಂತಾರ, ಎಂಥಾ ದೊಡ್ಡ ಮನಶ್ಯಾ ಅಂತಾರ. ನಿಮಗ ಅಂತಾರ, ನಮಗಲ್ಲ.”

ಲಾಡ್ಲೆಸಾಬ ಈ ಸಲ ಅವಳನ್ನು ತಡೆಯಲಿಲ್ಲ.

 ಪೀಠದ ಮೇಲೆ ತಪ್ಪೊಪ್ಪಿಕೊಂಡಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಅಲ್ಲಿ ಹಳೆಯ ತಪ್ಪಿಗೆ ನಾಚಿದ್ದೆ; ಇಲ್ಲಿ ನೆಲದ ಮೇಲೆ ಕುಳಿತು ಹೊಸದೊಂದನ್ನು ಮಾಡುತ್ತಿದ್ದೆ. ಲಾಡ್ಲೆಸಾಬನ ಭುಜ ಹಿಡಿದು ಎದ್ದೆ. “ಒಳಗ ನಡೀರಿ,” ಎಂದೆ.

“ನೀವು ಮುಂದ ನಡೀರಿ,” ಎಂದಳು ಅವಳು. “ಬೈಸಿಕೊಳ್ಳೂದಾದ್ರ ಮೊದಲ ನೀವು ಬೈಸಿಕೊಳ್ಳ್ರಿ.”

ಒಳಗೆ ಹೋದೆವು. ಸಾಲಿನಲ್ಲಿ ಯಾರೂ ಸರಿಯಲಿಲ್ಲ. ನಾವು ನಿಂತೇ ಇದ್ದೆವು. ಬಡಿಸುವವನು ಅಮರನಾಥನ ಮುಖ ನೋಡಿದ, ಅಮರನಾಥ ಬುಟ್ಟಿಯ ಮುಖ ನೋಡಿದ. ಕಡೆಗೆ ಶಿವಕಾಂತಾ ಅಡುಗೆಮನೆಯಿಂದ ಹೊರಬಂದು, “ಸರೀರಿ, ಅನ್ನ ಆರಾಕತ್ತದ,” ಎಂದು ಮೊದಲ ಸಾಲಿನವರ ಮೊಳಕಾಲ ಹತ್ತಿರವೇ ಪತ್ರೋಳಿ ಹಾಕುತ್ತ ಬಂದಳು. ಮೊಳಕಾಲು ಸರಿದವು. ಇಬ್ಬರು ಎದ್ದು ಹೋದರು. ಎದ್ದು ಹೋದವರ ಜಾಗದಲ್ಲಿ ಸಾಬಮ್ಮ ಕುಳಿತಳು. ಉಂಡಳು.  ಪತ್ರೋಳಿಯಲ್ಲಿ ಏನೂ ಬಿಡಲಿಲ್ಲ.

ಆಗಸ್ಟ್ ೨೧, ಗುರುವಾರ

ಉಳಿದಿದ್ದ ಒಂದು ಮೊಳ ಕೊಳವೆಯನ್ನು ಇಂದು ಕೂಡಿಸಿದರು. ಅಮರನಾಥ ಬರಲಿಲ್ಲ; ಬೇಡವೆಂದೂ ಅನ್ನಲಿಲ್ಲ. ಒಲೆ ಹಚ್ಚಲು ನನ್ನನ್ನು ಕರೆದರು. ಒಲ್ಲೆನೆಂದೆ. ಶಿವಕಾಂತಾ ಕಡ್ಡಿ ಗೀರಿದಳು. ನೀಲಿ ಉರಿ. ಹೊಗೆ ಇಲ್ಲ. ಮೊದಲು ಬೇಳೆಗೆ ನೀರಿಟ್ಟಳು.

ಮಧ್ಯಾಹ್ನ ಜಯಮಾಲಾ ಹೇಳಿದಳು: ಜೇವರ್ಗಿಯವರು ಶ್ರಾವಣ ಮುಗಿಯುವ ತನಕ ಕಾಯದೆ ಹದಿನಾಲ್ಕರಂದೇ ಸಭೆ ಸೇರಿ ಕೈಬಿಟ್ಟಿದ್ದಾರೆ. ನಿನ್ನೆಯಿಂದ ಅವರ ಗಾಡಿ ಬಂದಿಲ್ಲ. ಎರಡೂರ ಕಸದಿಂದ ಒಲೆ ದಿನ ಬಿಟ್ಟು ದಿನ ಉರಿಯುತ್ತದೆ. ಉಳಿದ ದಿನ ಜಾಲಿಯ ಕಟ್ಟಿಗೆಯೇ. ಸಾಬಮ್ಮನಿಗೂ ದಿನ ಬಿಟ್ಟು ದಿನ ಕೆಲಸ.

“ಹನ್ನೊಂದನೇ ತಾರೀಖಿಗಿ ಹೇಳಿದ್ರ ಅವರು ಉಳೀತಿದ್ರೇನು?” ಎಂದು ಕೇಳಿದೆ.

ಅವಳು ಸುಳ್ಳು ಹೇಳಿ ನನ್ನನ್ನು ಸಮಾಧಾನಪಡಿಸಬಹುದಾಗಿತ್ತು.

“ಹೌದ್ರಿ, ಮಾವಾರ.”

ನಾಳೆ ಬೆಳಗಿನ ಬಸ್ಸಿಗೆ ಜೇವರ್ಗಿಗೆ ಹೋಗುತ್ತೇನೆಂದೆ. ಯಾವ ಸಭೆಯಾಗಲಿ, ಯಾವ ಕಚೇರಿಯಾಗಲಿ, ಕೇಳಿ ನೋಡುತ್ತೇನೆ. ಏನು ಹೇಳಬೇಕೆಂದು ಯೋಚಿಸಿಲ್ಲ.

“ಅಲ್ಲಿ ನಿಮ್ಮ ಪುರಾಣಾ ಯಾರೂ ಕೇಳಿಲ್ರಿ,” ಎಂದಳು. “ನಿಮ್ಮ ಗುರ್ತೂ ಇಲ್ಲ ಅವರಿಗೆ. ಬಾಗಲಾಗೇ ನಿಂದರಸ್ತಾರ.”

ನಿಲ್ಲಿಸಲಿ.